ಅಪ್ಪ ನಿಲ್ಲುತ್ತಿದ್ದ ಜಾಗ

ಜೂನ್ 3, ಬೆಳಗ್ಗೆ 10
ಮತ್ತೆ ಅದೇ. ಸಿಮ್ಯುಲೇಶನ್‌ನಲ್ಲಿ ಇಪ್ಪತ್ತು ಫೋನುಗಳು ಎರಡು ವೈಫೈ ಡಬ್ಬಿಗಳ ನಡುವೆ ಓಡಾಡುತ್ತಿವೆ. ವೇಗ ಹೆಚ್ಚಿಸಿದಷ್ಟೂ ಡೇಟಾ ಬಿದ್ದುಹೋಗುತ್ತೆ. ಗ್ರಾಫು ನೋಡೋಕೆ ಚೆಂದ. ಗೈಡ್ ಮೇಡಂ ಮಾತ್ರ ಮೂಗು ಮುರಿದರು. "ಎಲ್ಲ ಕಂಪ್ಯೂಟರ್ ಒಳಗೇ ಆಯ್ತಲ್ಲ? ನಿಜವಾದ ಒಬ್ಬ ಮನುಷ್ಯ ಫೋನ್ ಇಟ್ಕೊಂಡು ನಡೆದಿದ್ದು ಒಂದಾದ್ರೂ ತೋರ್ಸು."
ತಿಂಗಳ ಕೊನೆಗೆ ಪಿಎಚ್‌ಡಿ ಪ್ರಬಂಧದ ಈ ಅಧ್ಯಾಯ ಕೊಡಬೇಕು. ನಡೆಯುವ ಮನುಷ್ಯನನ್ನು ಎಲ್ಲಿಂದ ತರಲಿ? ನಮ್ಮ ಮನೆಯಲ್ಲಿ ಇರೋ ಒಬ್ಬರೋ, ನಡೆಯಲ್ಲ ಅಂತ ಹಠ ಹಿಡಿದು ಕೂತಿದ್ದಾರೆ.

ಜೂನ್ 4
ಫಿಸಿಯೋದವರು ಬಂದಿದ್ದರು. ಅಪ್ಪನ ಮಂಡಿ ಆಪರೇಷನ್ ಆಗಿ ಮೂರು ವಾರ. ದಿನಾ ಮನೆಯೊಳಗೇ ಮೂವತ್ತು ಸುತ್ತು ನಡೆಯಬೇಕು, ಇಲ್ಲದಿದ್ದರೆ ಮಂಡಿ ಬಿಗಿದುಕೊಳ್ಳುತ್ತೆ, ಆಮೇಲೆ ಕೋಲೇ ಗತಿ. ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಮೂವತ್ತೊಂದು ವರ್ಷ ಕಂಡಕ್ಟರ್ ಆಗಿ ಓಡುವ ಬಸ್ಸಿನಲ್ಲಿ ಹಿಂದೆ ಮುಂದೆ ನಡೆದವರು. "ನನ್ ಕೋಟಾ ಮುಗೀತು" ಅಂದರು. ಅಮ್ಮ ಗೋಗರೆದಳು. ಊಹೂಂ.

ಜೂನ್ 5
ತಲೆಗೆ ಹೊಳೆಯಿತು!
"ಅಪ್ಪಾ, ನನಗೊಂದು ಉಪಕಾರ ಆಗ್ಬೇಕು. ಈ ಫೋನ್ ಜೇಬಲ್ಲಿಟ್ಕೊಂಡು ಮುಂಬಾಗಿಲಿಂದ ಹಿಂಬಾಗಿಲ ತನಕ ನಡೀಬೇಕು. ಬೇರೆ ಯಾರೂ ಸಿಗ್ತಿಲ್ಲ."
ಪೇಪರ್ ಕೆಳಗಿಟ್ಟರು. "ಎಷ್ಟು ಟ್ರಿಪ್ಪು?"
"ದಿನಾ ಮೂವತ್ತು."
ನನ್ನ ಮುಖವನ್ನೇ ನೋಡಿದರು — ಸಿಕ್ಕಿಬಿದ್ದೆ ಅಂದುಕೊಂಡೆ. ಎದ್ದರು. ಗೋಡೆ ಹಿಡಿದು, ತಮಗೆ ತಾವೇ "ರೈಟ್ ರೈಟ್" ಹೇಳಿಕೊಂಡು ಹೊರಟೇಬಿಟ್ಟರು. ಅಮ್ಮ ಅಡುಗೆಮನೆಯಿಂದ ಕಣ್ಣು ಮಿಟುಕಿಸಿದಳು.

ಜೂನ್ 9
ಒಂದು ಡಬ್ಬಿ ಹಾಲ್‌ನಲ್ಲಿ, ಇನ್ನೊಂದು ಹಿಂದಿನ ಕೋಣೆಯಲ್ಲಿ. ಫೋನು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವಾಗ ಎಷ್ಟು ಡೇಟಾ ಬಿದ್ದುಹೋಗುತ್ತೆ ಅನ್ನೋದೇ ನನಗೆ ಬೇಕಾದ್ದು. ಸಿಮ್ಯುಲೇಶನ್ ಪ್ರಕಾರ ನೂರಕ್ಕೆ ನಾಲ್ಕು. ಅಪ್ಪನದು ಹನ್ನೊಂದು! ಫೋನು ಸೆಕೆಂಡು ಸೆಕೆಂಡಿಗೂ ಬರೆದಿಟ್ಟುಕೊಂಡ ಲಾಗ್ ಬಿಚ್ಚಿ ನೋಡಿದೆ. ಪ್ರತಿ ಸುತ್ತಿನಲ್ಲೂ ದಾರಿ ಮಧ್ಯೆ ಒಂದೇ ಕಡೆ ಇಪ್ಪತ್ತು ಸೆಕೆಂಡು ನಿಲ್ಲುತ್ತಾರೆ. ಅಲ್ಲಿ ಎರಡು ಡಬ್ಬಿಯ ಸಿಗ್ನಲ್ಲೂ ಸಮಸಮ. ಫೋನು ಅತ್ತ ಹೋಗಲೋ ಇತ್ತ ಹೋಗಲೋ ಅಂತ ಒದ್ದಾಡುತ್ತೆ. ನನ್ನ ಸಿಮ್ಯುಲೇಶನ್ ಮಾಡೆಲ್‌ನಲ್ಲಿ ಯಾರೂ ನಿಲ್ಲಲ್ಲ. ನಿಲ್ಲುವ ಸಮಯ ಸೊನ್ನೆ ಅಂತ ಕೊಟ್ಟಿದ್ದೇನೆ.
ಊಟಕ್ಕೆ ಕೂತಾಗ ಹೇಳಿದೆ. "ಮಧ್ಯ ನಿಲ್ಬೇಡಿ ಅಪ್ಪಾ. ಡೇಟಾ ಹಾಳಾಗತ್ತೆ."
"ಹೌದೇನಮ್ಮ? ಗೊತ್ತಾಗ್ಲಿಲ್ಲ ನೋಡು." ಮುಖ ಸಣ್ಣದಾಯಿತು.

ಜೂನ್ 12
ಮೂರು ದಿನದಿಂದ ಅಪ್ಪ ಎಲ್ಲೂ ನಿಂತಿಲ್ಲ. ನೂರಕ್ಕೆ ಐದು! ಗ್ರಾಫಿನಲ್ಲಿ ಸಿಮ್ಯುಲೇಶನ್ ಗೆರೆ ಮೇಲೆ ಅಪ್ಪನ ಗೆರೆ ಕೂತಿತು. ಕುಣಿದಾಡುವಷ್ಟು ಖುಷಿ. ಈ ಮೂರು ದಿನದ್ದು ಮಾತ್ರ ಮೇಡಂಗೆ ಕಳಿಸಿದೆ.

ಜೂನ್ 17
ಬರೆಯೋಕೆ ಮನಸ್ಸೇ ಬರಲಿಲ್ಲ. ಹದಿಮೂರಕ್ಕೆ ಅಪ್ಪನ ಮಂಡಿ ಊದಿಕೊಂಡಿತು. ಫಿಸಿಯೋದವರು ಗದರಿದರು. "ಒಂದೇ ಸಮ ನಡೀರಿ ಅಂತ ಯಾರು ಹೇಳಿದ್ದು? ನಡುನಡುವೆ ನಿಂತು ಸುಧಾರಿಸ್ಕೋಬೇಕು." ಅಪ್ಪ ನನ್ನ ಸುದ್ದಿಯೇ ಎತ್ತಲಿಲ್ಲ. "ನಂದೇ ತಪ್ಪು. ಹುಮ್ಮಸ್ಸಲ್ಲಿ ನಡೆದ್ಬಿಟ್ಟೆ."
ಈಗ ಊತ ಇಳಿದಿದೆ. ನಾಳೆಯಿಂದ ನಿಧಾನವಾಗಿ ಮತ್ತೆ ಶುರು ಮಾಡಲೇಬೇಕಂತೆ, ಇಲ್ಲದಿದ್ದರೆ ಮಂಡಿಯ ಆಸೆ ಬಿಡಬೇಕಂತೆ. ಅಪ್ಪ ಗೋಡೆ ಕಡೆ ತಿರುಗಿ ಮಲಗಿದರು.
ಮೇಡಂ ಉತ್ತರ ಬಂತು — "ಇದು ಮನುಷ್ಯ ನಡೆದ ಹಾಗಿಲ್ಲ. ಮನುಷ್ಯರು ನಿಲ್ತಾರೆ. ಮೊದಲ ದಿನಗಳ ಲಾಗ್ ಎಲ್ಲಿ?"
ಮಾಡೆಲ್ ತಪ್ಪಿದ್ದರೆ ಮಾಡೆಲ್ ತಿದ್ದಬೇಕು. ನಾನು ಅಪ್ಪನನ್ನು ತಿದ್ದಿದೆ. ನನ್ನ ಬುದ್ಧಿಗೆ ಏನನ್ನಬೇಕೋ.

ಅದೇ ದಿನ, ಸಂಜೆ
ಹಳೇ ಲಾಗ್ ತೆಗೆದೆ. ಅಪ್ಪ ನಿಲ್ಲುತ್ತಿದ್ದ ಕಡೆಯ ಸಿಗ್ನಲ್ ಎಲ್ಲಿ ಸಿಗುತ್ತೆ ಅಂತ ಫೋನ್ ಹಿಡಿದು ಹೆಜ್ಜೆ ಹೆಜ್ಜೆಗೂ ನೋಡುತ್ತಾ ಹೋದೆ. ಸಿಕ್ಕಿತು. ನನ್ನ ಕೋಣೆಯ ಬಾಗಿಲು. ಅಲ್ಲಿ ನಿಂತು ತಲೆ ಎತ್ತಿದರೆ ಕಾಣೋದು ನನ್ನ ಕುರ್ಚಿಯ ಹಿಂಭಾಗ. ಬಾಗಿಲಿಗೆ ಬೆನ್ನು ಹಾಕಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುವವಳು ನಾನು.
ಅಮ್ಮನನ್ನು ಕೇಳಿದೆ.
"ಈಗ ಗೊತ್ತಾಯ್ತಾ? ಪ್ರತಿ ಸುತ್ತಿಗೂ ನಿನ್ನ ನೋಡ್ಕೊಂಡು ಹೋಗ್ತಿದ್ರು. ಕರೀರಿ ಅಂದ್ರೆ, ಓದೋ ಮಗು, ಬೇಡ ಅಂತಿದ್ರು."
ಮಗುವಿಗೆ ಮೂವತ್ತು ವರ್ಷ. ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ.

ಜೂನ್ 18
ಕ್ಷಮೆ ಕೇಳೋಣ ಅಂತ ಹೋದೆ. ಬಾಯಿಗೆ ಬಂದದ್ದೇ ಬೇರೆ.
"ಅಪ್ಪಾ, ನೀವು ನಿಂತಿದ್ದೇ ಸರಿಯಂತೆ. ಮೇಡಂ ಹೇಳಿದ್ರು."
"ಸ್ಟಾಪೇ ಇಲ್ಲದ ಬಸ್ಸು ಎಲ್ಲಾದ್ರೂ ಇರತ್ತಾ? ನಿನ್ ಕಂಪ್ಯೂಟರ್‌ಗೆ ಅಷ್ಟೂ ಗೊತ್ತಿಲ್ವಾ?"
"ನನಗೇ ಗೊತ್ತಿರ್ಲಿಲ್ಲ. ಇವತ್ತು ನಡೀತೀರಾ?"
"ನೋಡೋಣ."
ಅವರ "ನೋಡೋಣ" ಅಂದರೆ ಇಲ್ಲ ಅಂತಲೇ. ಏಳಲಿಲ್ಲ.
ನಿಲ್ಲುವ ಸಮಯ ಇಪ್ಪತ್ತು ಸೆಕೆಂಡು ಅಂತ ಕೊಟ್ಟು ಮಾಡೆಲ್ ಓಡಿಸಿದೆ. ನೂರಕ್ಕೆ ಹತ್ತೂವರೆ. ಹೆಚ್ಚುಕಮ್ಮಿ ಅಪ್ಪನದೇ. ಈ ಸಲ ಕುಣಿಯೋಕಾಗಲಿಲ್ಲ. ಮೇಜು ಎಳೆದು ಬಾಗಿಲ ಕಡೆ ಮುಖ ಬರೋ ಹಾಗೆ ಹಾಕಿದೆ. ಬಾಗಿಲ ಪಕ್ಕ ಅಪ್ಪನಿಗೊಂದು ಕುರ್ಚಿ. ಹೆಡ್‌ಫೋನ್ ಡ್ರಾಯರ್ ಒಳಗೆ.

ಜೂನ್ 19, ಬೆಳಗ್ಗೆ 10.20
ಹಾಲ್‌ನಲ್ಲಿ ಚಪ್ಪಲಿ ಸದ್ದು... ಅಮ್ಮನದಲ್ಲ, ಅಮ್ಮ ಇಷ್ಟು ನಿಧಾನ ಇಲ್ಲ. "ರೈಟ್ ರೈಟ್" — ಅಪ್ಪ! ಫೋನು ಕೊಟ್ಟೇ ಇಲ್ಲವಲ್ಲ ನಾನು. ಇಲ್ಲೇ ಮೇಜಿನ ಮೇಲಿದೆ. ಕೇಳೋಕೂ ಬರಲಿಲ್ಲ ಅವರು.
ಹತ್ತಿರ ಬಂದರು. ತಲೆ ತಗ್ಗಿಸಿ ಬರೆಯುತ್ತಲೇ ಇದ್ದೇನೆ. ಬಾಗಿಲಲ್ಲಿ ನಿಂತರು. ಹತ್ತು ಸೆಕೆಂಡು... ಹದಿನೈದು... ಕುರ್ಚಿ ಎಳೆದ ಸದ್ದು. ಕೂತರು. ಪೆನ್ನು ಕೆಳಗಿಟ್ಟು ಈಗ ತಲೆ ಎತ್ತುತ್ತೇನೆ.