ಗದ್ದುಗೆಗೆ ನೆಟ್ಟ ಕಲ್ಲು

ತಂಬ್ರಹಳ್ಳಿ
14 ಏಪ್ರಿಲ್ 1996

ಪ್ರಿಯ ಸುಕನ್ಯಾ,

ನಾನು ಕ್ಷೇಮ.  

ಬೆಂಗಳೂರಿನ ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದ ಕಲ್ಲು ನಿನಗೆ ನೆನಪಿರಬೇಕು: ನಮ್ಮ ಹೊಸ ತೈಲಬಾವಿಯ ಆಳದಿಂದ ಕೊರೆದು ತೆಗೆದ, ಗೇಣುದ್ದದ ಮರಳುಗಲ್ಲಿನ ದಿಂಡು. ಅದರ ಮೇಲಿನ, ಕೆಳಗಿನ ತುಂಡುಗಳೆಲ್ಲ ಪುಡಿಯಾಗಿದ್ದವು. ಇಡಿಯಾಗಿ ಉಳಿದದ್ದು ಇದೊಂದೇ. ಮರಳಿನ ಕಣಗಳ ನಡುವೆ ಎಣ್ಣೆ ಎಷ್ಟಿದೆ, ಅದು ಹರಿದು ಬರುವುದೇ ಎಂದು ಇದರಲ್ಲಿ ಅಳೆದ ಮೇಲೆಯೇ ಬಾವಿಯನ್ನು ಉಳಿಸುವ ಅಥವಾ ಮುಚ್ಚುವ ತೀರ್ಮಾನ. ದಾರಿಯಲ್ಲಿ ಎರಡು ದಿನ ಅಕ್ಕನ ಮನೆಯಲ್ಲಿ ಇಳಿದೆ. ಅಪ್ಪ ಹೋದ ಮೇಲೆ ಊರಿಗೆ ಬಂದದ್ದು ಇದೇ ಮೊದಲು. ಫೆಬ್ರವರಿಯಲ್ಲಿ ಸಾವಿನ ತಂತಿ ನಮ್ಮ ಬಾವಿಯ ಬಳಿಗೆ ತಲುಪುವಷ್ಟರಲ್ಲಿ ಇಲ್ಲಿ ಮಣ್ಣು ಮುಗಿದಿತ್ತು.

ನಿನ್ನೆ ಬಸ್ಸಿಗೆ ಸೀಟು ಕಾದಿರಿಸಲು ಹಗರಿಬೊಮ್ಮನಹಳ್ಳಿಗೆ ಹೋಗಿ ಬಂದರೆ ದಿಂಡಿನ ಪೆಟ್ಟಿಗೆ ತೆರೆದಿತ್ತು, ಕಲ್ಲು ಇರಲಿಲ್ಲ. ಅಕ್ಕ ಹೊಲದಲ್ಲಿದ್ದಾಳೆ ಎಂದು ನೆರೆಯವರು ಹೇಳಿದರು. ಓಡಿದೆ. ಅಪ್ಪನನ್ನು ಹೂಳಿದಲ್ಲಿ ಕಟ್ಟಿದ ಗದ್ದುಗೆಯ ಮೇಲೆ, ಹಸಿ ಸಿಮೆಂಟಿನಲ್ಲಿ, ಆ ದಿಂಡನ್ನು ಲಿಂಗದಂತೆ ನೆಟ್ಟಿದ್ದರು. ವಿಭೂತಿ ಬಳಿದು, ಪತ್ರಿ ಏರಿಸಿದ್ದರು. ಸುತ್ತ ಊರಿನ ಜನ.

ನಾನು ಬದುವಿನ ಮೇಲೆ ಕುಳಿತುಬಿಟ್ಟೆ.  ಬಿಸಿಲಿಗೆ ಕಲ್ಲಿನೊಳಗಿನ ಎಣ್ಣೆ ಜಿನುಗಿ ವಿಭೂತಿ ಕಂದುಬಣ್ಣಕ್ಕೆ ತಿರುಗುತ್ತಿತ್ತು. ಗಾರೆ ಕೆಲಸದ ಗಾಳೆಪ್ಪ ಅದನ್ನು ತೋರಿಸಿ, “ಕಲ್ಲು ಬೆವರಾಕತ್ತೈತಿ ನೋಡ್ರಿ. ಯಜಮಾನ್ರಿಗೆ ಊರು ಬಿಟ್ಟ ಮಗನ ಮ್ಯಾಲಿನ ಸಿಟ್ಟು ಇಳೀತು,” ಎಂದ. ಪಕ್ಕದ ಹೊಲದ ಚೌಡಕ್ಕ, “ಸಾಯೋತನಕ ಇಳೀಲಾರದ ಸಿಟ್ಟು ಈಗ ಇಳೀತೇನಲೇ?” ಎಂದಳು. ಜನ ನಕ್ಕರು.

ಎಲ್ಲರೂ ಹೋದ ಮೇಲೆ ಅಕ್ಕನಿಗೆ ಹೇಳಿದೆ: ಇದು ಪೂಜೆಗೆ ತಂದದ್ದಲ್ಲ, ಕಚೇರಿಯ ಕಲ್ಲು, ಸಿಮೆಂಟು ಬಿಗಿಯುವ ಮೊದಲು ತೆಗೆಯಬೇಕು. ಅವಳು ತಿಳಿಯದೆ ಮಾಡಿದ್ದಾಳೆಂದೇ ನಂಬಿದ್ದೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವಳು ಆಡಿದ ಮಾತನ್ನು ಹಾಗೆಯೇ ಬರೆಯುತ್ತೇನೆ.

“ಗೊತ್ತೈತಿ ಬಿಡು. ಪೆಟ್ಟಿಗಿ ಮ್ಯಾಲೆ ಸರಕಾರದ ಸಿಕ್ಕಾ ಐತಿ, ನನಗೇನು ಕಣ್ಣಿಲ್ಲೇನು? ಎರಡು ತಿಂಗಳಿಂದ ಊರಾಗ ಒಂದೇ ಮಾತು, ಮಗ ಅಪ್ಪಗ ಒಂದು ಹಿಡಿ ಮಣ್ಣೂ ಹಾಕಲಿಲ್ಲ ಅಂತ. ಬಾವಿಕಟ್ಟಿಗೆ ಹೋದ್ರೂ ಅದೇ, ಸಂತಿಗೆ ಹೋದ್ರೂ ಅದೇ. ಇವತ್ತು ಹೇಳೀನಿ, ಗದ್ದಿಗಿಗೆ ನನ್ನ ತಮ್ಮ ದೂರದಿಂದ ಕಲ್ಲು ತಂದಾನ ಅಂತ. ಈಗ ನಿನಗ ಬೇಕಾದ್ರ ಕಿತ್ಕೊಂಡು ಹೋಗಪ್ಪ.”

ಸುಕನ್ಯಾ, ಕಲ್ಲನ್ನು ಅಲ್ಲಿ ಕಂಡದ್ದಕ್ಕಿಂತ ಈ ಮಾತಿಗೆ ನಾನು ಹೆಚ್ಚು ತತ್ತರಿಸಿದೆ. ಊರು ಹೀಗೆ ಆಡಿಕೊಳ್ಳುತ್ತಿದೆ ಎಂಬುದಾಗಲಿ, ಅದನ್ನೆಲ್ಲ ಅವಳೊಬ್ಬಳೇ ಕೇಳಿಸಿಕೊಂಡಳೆಂಬುದಾಗಲಿ ನನಗೆ ಗೊತ್ತಿರಲಿಲ್ಲ. ಅವಳು ಮನೆಗೆ ಹೊರಟ ಮೇಲೂ ಸಿಮೆಂಟು ಹಸಿಯಾಗಿತ್ತು. ಹಿಡಿದು ಅಲುಗಿಸಿದ್ದರೆ ಕಲ್ಲು ಬರುತ್ತಿತ್ತು. ಎರಡೂ ಕೈಯಲ್ಲಿ ಹಿಡಿದೆ; ಬೆಚ್ಚಗಿತ್ತು. ಬಿಟ್ಟು ಬಂದೆ.

ಕಲ್ಲು ನನ್ನ ವಶದಲ್ಲಿದ್ದಾಗ ಕೈತಪ್ಪಿತೆಂದು ಕಚೇರಿಗೆ ತಿಳಿಸುತ್ತೇನೆ. ವಿಚಾರಣೆ ನಡೆಯಬಹುದು, ಬಡ್ತಿ ನಿಲ್ಲಬಹುದು. ಅಳತೆಯಿಲ್ಲದೆ ಬಾವಿ ಮುಚ್ಚಿದರೆ ಅದರ ಹೊಣೆಯೂ ನನ್ನದೇ. ನನ್ನ ಮೇಲೆ ಸಿಟ್ಟಾಗು. ಅಕ್ಕನಿಗೆ ಮಾತ್ರ ಏನೂ ಬರೆಯಬೇಡ.

ನಿನ್ನ
ಗುರುಬಸವರಾಜ

ತಾ.ಕ.: ನೆಲದೊಳಗೆ ಯಾವ ತುದಿ ಮೇಲಿತ್ತೆಂದು ತಿಳಿಯಲು ನಾವು ದಿಂಡಿನುದ್ದಕ್ಕೂ ಕೆಂಪು, ಕಪ್ಪು ಗೆರೆ ಎಳೆಯುತ್ತೇವೆ, ಸರಿಯಾಗಿ ನಿಂತರೆ ಕೆಂಪು ಬಲಕ್ಕಿರಬೇಕು. ಗಾಳೆಪ್ಪ ಅದನ್ನು ತಲೆಕೆಳಗಾಗಿ ನೆಟ್ಟಿದ್ದಾನೆ. ಇಷ್ಟು ವರ್ಷಗಳ ಕೆಲಸದಲ್ಲಿ, ಕಣ್ಣಾರೆ ಕಂಡೂ ನಾನು ತಿರುಗಿಸದೆ ಬಂದ ಕಲ್ಲು ಇದೊಂದೇ.