ಅವನು ಬರೆಯಲಾರದ ಮಾತು

ಅಪ್ಪಾ, ನಿನ್ನ ಮಗಳು ಶರಣಮ್ಮ ಬರೆಯುತ್ತಿದ್ದೇನೆ. ಮೋಟರಿನ ತಂತಿಗೆ ಹಚ್ಚುವ ವಾರ್ನಿಷ್ ಕೈಗೆ ಅಂಟಿದೆ, ಕಾಗದಕ್ಕೆ ಕಲೆಯಾದರೆ ಬೈಯಬೇಡ.

ಮುದನಾಳದ ಸಾಬಣ್ಣ ತನ್ನ ಪಂಪಿನ ಮೋಟರನ್ನು ತಂದು ನಮ್ಮ ಅಂಗಡಿಯ ಮುಂದೆ ದೊಪ್ಪನೆ ಇಳಿಸಿದ್ದು ನೆನಪಿದೆಯಾ? ತಿಂಗಳ ಹಿಂದಷ್ಟೇ ನಮ್ಮಲ್ಲಿ ಹೊಸ ತಂತಿ ಸುತ್ತಿಸಿಕೊಂಡು ಹೋಗಿದ್ದ, ಮತ್ತೆ ಸುಟ್ಟಿತ್ತು. ಬ್ಲೇಡಿನಿಂದ ತಂತಿ ಕೆರೆದು ತೋರಿಸಿದ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳನೆಯ ಅಲ್ಯೂಮಿನಿಯಂ. "ಭೀಮರಾಯ, ನಮ್ಮ ತಾಮ್ರ ತಿಂದು ಇದ್ರಾಗ ಏನ್ ಹಾಕೀದಿ?" ಎಂದು ನಿನ್ನನ್ನೇ ಕೇಳಿದ. ಅದನ್ನು ಸುತ್ತಿದ್ದು ನಿನ್ನ ಪಾಲುದಾರ ಮಲ್ಲಣ್ಣ. ನೀನು ಅವನ ಮುಖ ನೋಡಿದೆ. ಅವನೋ, "ನಾ ಬ್ಯಾಡ ಅಂದಿನ್ರಿ, ಅಣ್ಣಾರು ಕೇಳ್ಲಿಲ್ಲ" ಎಂದುಬಿಟ್ಟ. ನೀನೇಕೆ ಬಾಯಿ ಬಿಡಲಿಲ್ಲ ಅಪ್ಪಾ? ಅಷ್ಟು ವರ್ಷ ಒಂದೇ ಬುತ್ತಿಯಲ್ಲಿ ಉಂಡವನು ಎಂದೇ?

ನಿನ್ನನ್ನು ಮಣ್ಣು ಮಾಡಿದ ದಿನವೂ ಮಲ್ಲಣ್ಣ ಬಂದಿದ್ದ. ಅಷ್ಟರಲ್ಲಿ ರಸ್ತೆಯಾಚೆ ಅವನದೇ ಅಂಗಡಿ ಎದ್ದಿತ್ತು, ನಿನಗೆ ಯಾದಗಿರಿ ತುಂಬ ತಾಮ್ರಗಳ್ಳ ಎಂಬ ಹೆಸರು ಬಿದ್ದಿತ್ತು. ಎಲ್ಲರಿಗಿಂತ ಮುಂದೆ ನಿಂತು ಹೆಗಲು ಕೊಟ್ಟ. "ದೇವರಂಥ ಮನಷ್ಯಾ" ಎಂದು ಅತ್ತ. ಅವತ್ತು ನನಗೆ ಅಳು ಬರಲಿಲ್ಲ. ಅವನ ಹೆಗಲನ್ನೇ ನೋಡುತ್ತಿದ್ದೆ.

ಸ್ವಂತ ಉದ್ಯೋಗದ ತರಬೇತಿಗೆ ಹೋಗಿದ್ದೆ ಕಣಪ್ಪಾ. ನೀನು ಕಲಿಸಿದ ಕೆಲಸ ಕೈಯಲ್ಲಿತ್ತು, ಗಿರಾಕಿ ಇರಲಿಲ್ಲ. ಅಲ್ಲಿಯ ಮೇಡಂ ನಮ್ಮ ಅಂಗಡಿಯ ವಿಶೇಷವನ್ನು ಒಂದು ಸಾಲಿನಲ್ಲಿ ಬರೆಯಲು ಹೇಳಿದರು. 'ಕಡಿಮೆ ದರ, ಉತ್ತಮ ಕೆಲಸ' ಎಂದು ಬರೆದೆ. ಹೊಡೆದು ಹಾಕಿದರು.

"ಇದನ್ನ ಎದುರಿನ ಅಂಗಡ್ಯಾಂವನೂ ಬರೀತಾನಲ್ಲವ್ವಾ. ಅಂವ ಬರೀಲಿಕ್ಕೇ ಆಗದ ಮಾತು ಯಾವ್ದು?"

ಆಗದ ಮಾತು! ಮೇಡಂ ವ್ಯಾಪಾರ ಕಲಿಸುತ್ತಿದ್ದರು. ನನಗೆ ಕೇಳಿಸಿದ್ದೇ ಬೇರೆ. ಅವನು ರೈತರಿಗೆ ಏನು ಹೇಳುತ್ತಾನೆಂದು ನನಗೆ ಗೊತ್ತಿತ್ತು: ಹಳೆಯ ತಂತಿ ಸುಟ್ಟು ಬೂದಿಯಾಗಿದೆ, ನಾಳೆ ಬಂದು ಮೋಟರು ಒಯ್ಯಿರಿ. ತಾಮ್ರ ಬೂದಿಯಾಗುವುದಿಲ್ಲ, ಅದನ್ನು ಅವನೇ ಮಾರಿಕೊಳ್ಳುತ್ತಾನೆ; ಹಾಗಾದರೆ ಅವನನ್ನು ಎಲ್ಲಿ ಹಿಡಿಯಬೇಕು ಎಂಬುದೂ ಗೊತ್ತಾಯಿತು.

ವಾರದಲ್ಲಿ ಬೋರ್ಡು ಬರೆಸಿದೆ: 'ಮೋಟರು ನಿಮ್ಮ ಕಣ್ಣೆದುರು ಬಿಚ್ಚುತ್ತೇವೆ. ಹೊಸ ತಂತಿ ನೀವೇ ಕೆರೆದು ನೋಡಿ. ಹಳೆಯ ತಾಮ್ರ ನಿಮ್ಮದೇ, ಒಯ್ಯಿರಿ.' ಅವನ ಬಾಗಿಲಿಗೆ ನೇರವಾಗಿ ಕಾಣುವಂತೆ ನೇತುಹಾಕಿಸಿದೆ.

ಮೊದಲು ಬಂದವನು ಯಾರು ಗೊತ್ತೇ? ಅದೇ ಸಾಬಣ್ಣ, ಅನುಮಾನದಿಂದಲೇ. ಸ್ಟೂಲು ಹಾಕಿ ಕೂರಿಸಿದೆ, ಬ್ಲೇಡು ಅವನ ಕೈಗೇ ಕೊಟ್ಟೆ. ಹೊಸ ತಂತಿ ಕೆರೆದ, ಒಳಗೂ ಕೆಂಪಗಿತ್ತು. ಹಳೆಯದನ್ನು ಚೀಲದಲ್ಲಿ ಕಟ್ಟಿಕೊಟ್ಟಾಗ ಎತ್ತಿ ನೋಡಿ ದಂಗಾದ.

"ಇಷ್ಟು ತಾಮ್ರ ಇರ್ತದೇನವ್ವಾ ಒಳಗ? ನಿಮ್ಮಪ್ಪ ಹೋದಮ್ಯಾಲೆ ಮಲ್ಲಣ್ಣನ ಕಡಿನೇ ಸುತ್ತಿಸ್ತಿದ್ದೆ, ಒಂದ್ ಎಳಿನೂ ಕೊಟ್ಟಿಲ್ಲಲ್ಲ!"

"ನನ್ನೇನ್ ಕೇಳ್ತೀ ಕಾಕಾ? ಅಂವನ್ನೇ ಕೇಳು."

ಸಾಬಣ್ಣ ಚೀಲ ಹಿಡಿದು ರಸ್ತೆ ದಾಟಿದ. ಆಮೇಲೆ ವಡಗೇರಾದವರೂ ಮಲ್ಲಣ್ಣನನ್ನು ಕೇಳಿದರು, ಹತ್ತಿಕುಣಿಯವರೂ ಕೇಳಿದರು. ನಾನು ಯಾರಿಗೂ ಅವನ ಬಗ್ಗೆ ಒಂದು ಮಾತು ಹೇಳಲಿಲ್ಲ. ಪ್ರತಿಯೊಬ್ಬರ ಕೈಗೂ ಒಂದು ಚೀಲ ಕೊಟ್ಟೆ, ಅಷ್ಟೇ.

ಗಿರಾಕಿಯಿಲ್ಲದೆ ಅಂಗಡಿ ಮುಚ್ಚಿ, ಹೋದ ವಾರ ಮಲ್ಲಣ್ಣ ಬಂದ. ಗಿರಾಕಿಗಳು ಕೂತಿದ್ದರು. "ತಾಯಿ, ನಿನ್ನ ಕಡಿ ಕೆಲಸಕ್ಕ ಬರ್ತೀನಿ" ಎಂದ.

"ಮೊದ್ಲು ಸಾಬಣ್ಣ ಕಾಕಾನ ಮೋಟರ್ ಯಾರು ಸುತ್ತಿದ್ರು ಅಂತ ಇವ್ರಿಗೆಲ್ಲ ಹೇಳು."

ಅವನು ಗಿರಾಕಿಗಳ ಕಡೆ ತಿರುಗಿದ. "ನಾನೇರಿ. ತಾಮ್ರದ ತಂತಿ ಮಾರ್ಕೊಂಡಿದ್ದೂ ನಾನೇ. ಭೀಮರಾಯಣ್ಣಗ ಗೊತ್ತೇ ಇರ್ಲಿಲ್ಲ" ಎಂದ. ಎಲ್ಲರೂ ಕೇಳಿದರು ಅಪ್ಪಾ. ಆಮೇಲೆ ನನ್ನ ಕಡೆ ತಿರುಗಿ, "ಈಗ ಕೆಲಸ ಕೊಡ್ತಿಯಲ್ಲವ್ವಾ?" ಎಂದ.

"ಕೊಡ್ತೀನಿ ಅಂತ ಯಾವಾಗ ಅಂದೆ?" ಎಂದೆ.

ನೀನಿದ್ದಿದ್ದರೆ ಕೊಡುತ್ತಿದ್ದೆ. ನನಗೆ ಗೊತ್ತು. ಆದರೆ ನಾನು ನೀನಲ್ಲ. ಅವನು ಮೆಟ್ಟಿಲಿಳಿಯುವಾಗ ನನ್ನಲ್ಲಿ ಕರುಣೆ ಹುಟ್ಟೀತೇ ಎಂದು ಕಾದೆ, ಹುಟ್ಟಲಿಲ್ಲ.

ಇನ್ನೊಂದು ಸುದ್ದಿ. ಅವನು ಖಾಲಿ ಮಾಡಿದ ಅಂಗಡಿಯನ್ನು ನಾನೇ ಬಾಡಿಗೆಗೆ ಹಿಡಿದಿದ್ದೇನೆ. ಸೋಮವಾರ ಅದರ ಮೇಲೆ ನಿನ್ನ ಹೆಸರು ಏರುತ್ತದೆ, ದೊಡ್ಡ ಅಕ್ಷರದಲ್ಲಿ. ಅವನ ಮನೆಯ ದಾರಿ ಅದರ ಕೆಳಗೇ ಹೋಗುತ್ತದೆ, ಅಪ್ಪಾ. ಬೇರೆ ದಾರಿಯಿಲ್ಲ.