ಬಟ್ ಅಂದವರ ಪಾಲಿನ ಪಾತ್ರೆ

ಮನೆಯಿಂದ,
ಭಾನುವಾರ, ಮಾರ್ಚ್ ೧೦

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೆ? ದಿನವಿಡೀ ವಾರ್ಡಿನಲ್ಲಿ ರೋಗಿಗಳನ್ನು ಎಬ್ಬಿಸಿ ಕೂರಿಸುವ ನಿನಗೆ ನಾನೇನು ಉಪದೇಶ ಮಾಡಲಿ! ಅಮ್ಮ ಗಟ್ಟಿಯಾಗಿದ್ದಾಳೆ, ಕಿವಿಯಂತೂ ಬೇಕಾದ್ದಕ್ಕಿಂತ ಚುರುಕು.

ನಮ್ಮ ಬೀದಿಯ ವಾಚನಾಲಯಕ್ಕೆ ಬೀಗ ಹಾಕಿದ್ದಾರೆಂದು ಪುರಸಭೆಗೆ ಬರೆದಿದ್ದೆನಲ್ಲ, ಇಂಗ್ಲಿಷಿನಲ್ಲಿ ಉತ್ತರ ಬಂತು. ಅರ್ಧ ಪುಟ ನನ್ನ ಕಳಕಳಿಯ ಹೊಗಳಿಕೆ, ಆಮೇಲೊಂದು 'ಬಟ್', ಆಮೇಲೆ ಬೀಗ ಹಾಗೇ ಇರುತ್ತದೆಂಬ ಸಮಾಚಾರ. ಅದರ ಬಾಗಿಲು ತೆರೆದ ದಿನ ಇದೇ ಜನ ಮಾಡಿದ ಭಾಷಣ ನನಗಿನ್ನೂ ನೆನಪಿದೆ. ಮೈ ಉರಿದುಹೋಯಿತು. ಇಲ್ಲವೆನ್ನಲು ಧೈರ್ಯವಿಲ್ಲದವರೆಲ್ಲ ಈ ಪುಟ್ಟ ಪದದ ಹಿಂದೆ ಅಡಗಿಕೊಳ್ಳುತ್ತಾರೆ.

ಅಪ್ಪ ನೆನಪಾದರು. ಕಚೇರಿಯಲ್ಲಿ ಇಡೀ ದಿನ ಇಂಗ್ಲಿಷ್ ಟೈಪ್ ಮಾಡಿ ಬಂದು, ನಾವು ಏನು ಕೇಳಿದರೂ "ಕೊಡಿಸೋಣ, ಬಟ್..." ಎನ್ನುತ್ತಿದ್ದರು. ಊಟದ ಹೊತ್ತಿನಲ್ಲಿ ಆ ಪದ ಯಾರ ಬಾಯಿಂದ ಬಂದರೂ ಅಂದಿನ ಪಾತ್ರೆಯೆಲ್ಲ ಅವರೇ ತೊಳೆಯಬೇಕೆಂದು ಅಮ್ಮ ಕಾನೂನು ಮಾಡಿದ್ದು ಅದಕ್ಕೇ. ತಳ ಹಿಡಿದ ಪಾತ್ರೆ ಉಜ್ಜುತ್ತ ಅಪ್ಪ "ಬಟ್ ಇದು ಅನ್ಯಾಯ ಕಣೇ" ಎಂದು ಮರುದಿನದ ಪಾತ್ರೆಯನ್ನೂ ಮೈಮೇಲೆ ಎಳೆದುಕೊಳ್ಳುತ್ತಿದ್ದರು. ನೀನು ನಕ್ಕು ನಕ್ಕು ನೀರು ನೆತ್ತಿಗೆ ಹತ್ತಿಸಿಕೊಳ್ಳುತ್ತಿದ್ದೆ. ಆ ನಗು ಈ ಅಡುಗೆಮನೆಯಲ್ಲಿ ಕೇಳಿ ಎಷ್ಟು ಕಾಲವಾಯಿತು!

ಮೊನ್ನೆ ಫೋನಿನಲ್ಲಿ ನೀನು, "ಬರೋಕೆ ತುಂಬಾ ಆಸೆ ಕಣೋ, ಬಟ್ ರಜೆ ಸಿಗಲ್ಲ" ಎಂದೆ. ಸಿಟ್ಟಾಗಬೇಡ, ಪುರಸಭೆಯವರು ಮಾತಾಡಿದಂತೆಯೇ ಕೇಳಿಸಿತು. ಪದದ ತಪ್ಪೇನಿಲ್ಲ. ಹಿಂದುಮುಂದು ಮಾಡಿ, "ರಜೆ ಸಿಗಲ್ಲ, ಬಟ್ ಬರ್ತೀನಿ" ಎಂದು ನೋಡು. ಬೀಗ ಹಾಕಿದ ಪದವೇ ಬಾಗಿಲು ತೆಗೆಯುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನ ಆಶೀರ್ವಾದವನ್ನೂ ಇದೇ ಲಕೋಟೆಯಲ್ಲಿ ತುಂಬಿದ್ದೇನೆ.

ನಿನ್ನ ತಮ್ಮ,
ತಕರಾರು (ನೀನಿಟ್ಟ ಹೆಸರೇ)

ಹೇಳಲು ಮರೆತೆ: ಮೊನ್ನೆ ನೀನು ಫೋನ್ ಮಾಡಿದಾಗ ನಾವು ಊಟಕ್ಕೆ ಕೂತಿದ್ದೆವು, ಸ್ಪೀಕರ್ ಹಾಕಿತ್ತು. ಅಂದಿನ ತಟ್ಟೆ, ಲೋಟ, ಅನ್ನದ ಪಾತ್ರೆ ಒಂದನ್ನೂ ಅಮ್ಮ ನನಗೆ ಮುಟ್ಟಲು ಬಿಟ್ಟಿಲ್ಲ. "ಬಟ್ ಅಂದೋಳು ಅವಳು, ಅವಳೇ ಬಂದು ತೊಳೀಲಿ" ಎನ್ನುತ್ತಾಳೆ. ಉಳಿದ ಒಂದೇ ತಟ್ಟೆಯಲ್ಲಿ ಇಬ್ಬರೂ ಸರದಿ ಮೇಲೆ ಉಣ್ಣುತ್ತಿದ್ದೇವೆ. ದಿನಾ ಬೆಳಿಗ್ಗೆ ಆ ಪಾತ್ರೆಗಳ ನೀರು ಬದಲಿಸಿ ಮತ್ತೆ ನೆನೆಸಿಡುತ್ತಾಳೆ, ಬಗ್ಗಿ ಉಜ್ಜುವಾಗ ನಿನ್ನ ಬೆನ್ನಿಗೆ ನೋವಾಗಬಾರದಂತೆ.